ಹಳೆಯ ಲ್ಯಾಪ್‌ಟಾಪಿಗೆ ಒಪ್ಪುವ ರ‍್ಯಾಮ್: 4 ಜಿಬಿಯಿಂದ 12 ಜಿಬಿಗೆ

ಕೈಯಲ್ಲಿದ್ದ ಯಂತ್ರದಲ್ಲಿರುವುದು ಇಂಟೆಲ್ ಕೋರ್ ಐ5-4200ಎಂ ಪ್ರೊಸೆಸರ್. 2013ರಲ್ಲಿ ಬಂದ ನಾಲ್ಕನೇ ತಲೆಮಾರು, ಹ್ಯಾಸ್‌ವೆಲ್. ರ‍್ಯಾಮ್‌ಗೆ ಎರಡು ಸ್ಲಾಟ್. ಒಂದರಲ್ಲಿ 4 ಜಿಬಿ ಸ್ಟಿಕ್, ಇನ್ನೊಂದು ಖಾಲಿ. ಹಾರ್ಡ್ ಡಿಸ್ಕ್ ಜಾಗಕ್ಕೆ ಮೊದಲೇ ಎಸ್‌ಎಸ್‌ಡಿ ಬಂದಿತ್ತು, ಹಾಗಾಗಿ ಬೂಟ್ ಆಗುವುದರಲ್ಲಿ ತೊಂದರೆಯಿರಲಿಲ್ಲ. ಬ್ರೌಸರ್, ಒಂದು ದೊಡ್ಡ ಸ್ಪ್ರೆಡ್‌ಶೀಟ್ ಮತ್ತು ಒಂದು ವಿಡಿಯೋ ಕರೆ ಒಟ್ಟಿಗೆ ತೆರೆದ ಕೂಡಲೇ ಮೌಸ್ ತಡವರಿಸಲು ಶುರುವಾಗುತ್ತಿತ್ತು.

ರ‍್ಯಾಮ್ ಹುಡುಕುವ ಮೊದಲು, ಕೊರತೆ ನಿಜವಾಗಿಯೂ ರ‍್ಯಾಮ್‌ನದ್ದೇ ಎಂದು ಖಚಿತ ಮಾಡಿಕೊಂಡೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಪುಟಕ್ಕೆ ಹೋದರೆ 'ಕಮಿಟೆಡ್' ಎಂಬ ಸಂಖ್ಯೆ ಕಾಣುತ್ತದೆ. ತೆರೆದಿರುವ ಎಲ್ಲ ತಂತ್ರಾಂಶಗಳಿಗೆ ವ್ಯವಸ್ಥೆ ಕೊಡುತ್ತೇನೆಂದು ಒಪ್ಪಿಕೊಂಡ ಒಟ್ಟು ಮೆಮೊರಿ ಅದು. 'ಬಳಕೆಯಲ್ಲಿದೆ' ಎನ್ನುವ ಸಂಖ್ಯೆ ನಮ್ಮಲ್ಲಿರುವ ರ‍್ಯಾಮ್‌ಗಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಕಮಿಟೆಡ್ ಮಾತ್ರ ಎಷ್ಟು ಬೇಕಿತ್ತು ಎನ್ನುವುದರ ಸುಳಿವು ಕೊಡುತ್ತದೆ. ಕೆಲಸದ ಭಾರ ಹೆಚ್ಚಿರುವಾಗ ಅದು 8 ಜಿಬಿಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಲಿನಕ್ಸ್ ಬಳಸುವವರು ವಿಎಂಸ್ಟಾಟ್ ಎಂಬ ಆಜ್ಞೆ ಓಡಿಸಿ, ರ‍್ಯಾಮ್ ಸಾಲದಿದ್ದಾಗ ಡಿಸ್ಕಿನಲ್ಲಿ ಬಳಸುವ ಜಾಗವಾದ ಸ್ವಾಪ್‌ನಿಂದ ಒಳಗೆ ಮತ್ತು ಹೊರಗೆ ಹೋಗುವ ಎರಡು ಕಾಲಂಗಳನ್ನು ನೋಡಬೇಕು. ಅಲ್ಲಿ ಸೊನ್ನೆಯಲ್ಲದ ಅಂಕಿಗಳು ಒಂದೇ ಸಮನೆ ಬರುತ್ತಿದ್ದರೆ ರ‍್ಯಾಮ್ ಸಾಲದು ಎಂದರ್ಥ. ಇದ್ಯಾವುದೂ ಇಲ್ಲದೆ ಯಂತ್ರ ನಿಧಾನವಾಗಿದ್ದರೆ ಕಾರಣ ಬೇರೆಡೆ ಇದೆ, ಇನ್ನಷ್ಟು ರ‍್ಯಾಮ್ ಸುರಿದು ಪ್ರಯೋಜನವಿಲ್ಲ. ಕಾರ್ಯಾಚರಣ ವ್ಯವಸ್ಥೆ 64 ಬಿಟ್‌ನದ್ದೇ ಎಂದೂ ನೋಡಿಕೊಳ್ಳಿ. 32 ಬಿಟ್ ವಿಂಡೋಸ್ 10ಕ್ಕೆ 4 ಜಿಬಿ ಆಚೆಗೆ ಕಣ್ಣೇ ಇಲ್ಲ.

ಆಮೇಲಿನ ಪ್ರಶ್ನೆ, ಯಾವ ರ‍್ಯಾಮ್? "ಡಿಡಿಆರ್3 ಲ್ಯಾಪ್‌ಟಾಪ್ ರ‍್ಯಾಮ್" ಎಂದಷ್ಟೇ ಕೇಳಿದರೆ ಸಿಗುವ ಸ್ಟಿಕ್ಕುಗಳಲ್ಲಿ ಹೆಚ್ಚಿನವು ಈ ಸ್ಲಾಟಿನಲ್ಲಿ ಕೂರುತ್ತವೆ. ಕೂತದ್ದೆಲ್ಲ ಓಡುತ್ತದೆ ಎನ್ನುವಂತಿಲ್ಲ. ಬೇರೆ ಬೇರೆ ತಲೆಮಾರಿನ ರ‍್ಯಾಮ್‌ಗಳು ಅದಲುಬದಲಾಗದಂತೆ ಪಿನ್ನುಗಳ ಸಂಖ್ಯೆ ಮತ್ತು ಕಚ್ಚಿನ (ಸ್ಟಿಕ್ಕಿನ ಅಂಚಿನಲ್ಲಿರುವ ಸೀಳಿನ) ಜಾಗವನ್ನು ಬೇರೆ ಮಾಡಿಟ್ಟಿದ್ದಾರೆ: ಲ್ಯಾಪ್‌ಟಾಪಿನ ಡಿಡಿಆರ್2ಕ್ಕೆ 200 ಪಿನ್, ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಅಲ್ಲಿ ತಪ್ಪು ಮಾಡಲು ಹೋದರೂ ಆಗುವುದಿಲ್ಲ, ಕಚ್ಚೇ ತಡೆಯುತ್ತದೆ. ಆದರೆ ಒಂದೇ ತಲೆಮಾರಿನ ಒಳಗೆ ಕಚ್ಚು ಹೇಳದ ಎರಡು ವ್ಯತ್ಯಾಸಗಳಿವೆ: ವೋಲ್ಟೇಜ್ ಮತ್ತು ಒಂದೊಂದು ಚಿಪ್ಪಿನ ಸಾಂದ್ರತೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ "ರ‍್ಯಾಮ್ ಹಾಕಿದೆ, ಸ್ಕ್ರೀನ್ ಕಪ್ಪಗಿದೆ" ಎನ್ನುವ ದೂರುಗಳ ಹಿಂದೆ ಬಹಳ ಸಲ ಇವೆರಡರಲ್ಲಿ ಒಂದು ಇರುತ್ತದೆ.

ವೋಲ್ಟೇಜ್ ಮೊದಲು. 2007ರಲ್ಲಿ ಡಿಡಿಆರ್3 ಮಾನಕ ಬಂದಾಗ ಅದರ ವೋಲ್ಟೇಜ್ 1.5. ಬ್ಯಾಟರಿ ಉಳಿಸಲೆಂದು 2010ರಲ್ಲಿ ಡಿಡಿಆರ್3ಎಲ್ ಬಂತು, 1.35 ವೋಲ್ಟ್. ಚಿಪ್ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರಿಳಿಯುವುದರಿಂದ, ಈ ಸಣ್ಣ ಇಳಿಕೆಯಿಂದಲೇ ಸುಮಾರು 19 ಶೇಕಡಾ ಉಳಿತಾಯ. ಎರಡಕ್ಕೂ ಪಿನ್ 204, ಕಚ್ಚು ಅದೇ ಜಾಗದಲ್ಲಿ. ಡಿಡಿಆರ್3ಎಲ್ ಸ್ಟಿಕ್ಕುಗಳನ್ನು 1.5 ವೋಲ್ಟಿನಲ್ಲೂ ಓಡುವಂತೆ ಮಾಡಿರುತ್ತಾರೆ. ಆದ್ದರಿಂದ ಎರಡನೇ, ಮೂರನೇ ತಲೆಮಾರಿನ ಕೋರ್ ಲ್ಯಾಪ್‌ಟಾಪುಗಳಿಗೆ ಎರಡೂ ಬಗೆಯವು ಸಾಮಾನ್ಯವಾಗಿ ನಡೆಯುತ್ತವೆ. ಹ್ಯಾಸ್‌ವೆಲ್ ಲ್ಯಾಪ್‌ಟಾಪುಗಳಲ್ಲಿ ಹಾಗಿಲ್ಲ. ಅದರ ಮೆಮೊರಿ ಕಂಟ್ರೋಲರಿಗೆ (ಪ್ರೊಸೆಸರಿನೊಳಗೆ ರ‍್ಯಾಮ್ ನೋಡಿಕೊಳ್ಳುವ ಭಾಗಕ್ಕೆ) ಇಂಟೆಲ್ ಹೇಳಿರುವುದು ಡಿಡಿಆರ್3ಎಲ್ ಮಾತ್ರ.

ಏಕೆ ಹೀಗೆ ಎನ್ನುವುದು ಮಾನಕದ ಅಂಕಿಗಳಲ್ಲೇ ಇದೆ. ಸಾದಾ ಡಿಡಿಆರ್3 ಚಿಪ್ಪಿಗೆ ಖಾತ್ರಿ ಕೊಟ್ಟಿರುವುದು 1.425ರಿಂದ 1.575 ವೋಲ್ಟಿನ ನಡುವೆ. ಡಿಡಿಆರ್3ಎಲ್‌ಗೆ 1.35ರಲ್ಲಿ ಓಡುವಾಗ 1.283ರಿಂದ 1.45. ಮದರ್‌ಬೋರ್ಡ್ 1.35 ಕೊಟ್ಟರೆ ಸಾದಾ ಚಿಪ್ ತನ್ನ ಕೆಳಗಿನ ಮಿತಿಗಿಂತಲೂ ಕೆಳಗೆ ದುಡಿಯಬೇಕು. ಕೆಲವು ಸ್ಟಿಕ್ಕುಗಳು ಹಾಗೂ ದುಡಿದುಬಿಡುತ್ತವೆ, ಕೆಲವು ಏಳುವುದೇ ಇಲ್ಲ. ನನ್ನ ಬಳಿ ಎರಡನೇ ತಲೆಮಾರಿನ ಲ್ಯಾಪ್‌ಟಾಪಿನಿಂದ ಬಿಚ್ಚಿಟ್ಟ 4 ಜಿಬಿಯ 1.5 ವೋಲ್ಟ್ ಸ್ಟಿಕ್ ಇತ್ತು. ಫಲಿತಾಂಶ ಕಣ್ಣಾರೆ ನೋಡಬೇಕೆಂದೇ ಅದೊಂದನ್ನೇ ಹಾಕಿ ಪವರ್ ಒತ್ತಿದೆ. ಫ್ಯಾನ್ ತಿರುಗಿತು, ಪವರ್ ದೀಪ ಹತ್ತಿತು, ಸ್ಕ್ರೀನ್ ಕಪ್ಪಾಗಿಯೇ ಉಳಿಯಿತು. ಏಳದಿದ್ದರೆ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಎದ್ದು, ವಾರಗಟ್ಟಲೆ ಓಡಿ, ಯಾವುದೋ ಕಡತ ಉಳಿಸುವ ಹೊತ್ತಿಗೆ ಒಂದು ಬಿಟ್ ತಿರುಗಿಸುವ (0 ಇದ್ದದ್ದನ್ನು 1 ಮಾಡುವ) ಸ್ಟಿಕ್ ಹೆಚ್ಚು ಅಪಾಯಕಾರಿ. ಆ ಹಾನಿಯನ್ನು ಯಾರೂ ರ‍್ಯಾಮ್‌ನ ತಲೆಗೆ ಕಟ್ಟುವುದಿಲ್ಲ.

ಇನ್ನು ಸಾಂದ್ರತೆ. ಈ ಭಾಗವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ "ಈ ಲ್ಯಾಪ್‌ಟಾಪಿಗೆ ಗರಿಷ್ಠ ಎಷ್ಟು ಜಿಬಿ" ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ.

ಪ್ರೊಸೆಸರಿನ ವಿವರಪಟ್ಟಿಯಲ್ಲಿ ಐ5-4200ಎಂಗೆ ಗರಿಷ್ಠ ಮೆಮೊರಿ 32 ಜಿಬಿ ಎಂದಿದೆ. ಅದನ್ನೋದಿ 16 ಜಿಬಿಯ ಎರಡು ಸ್ಟಿಕ್ ತಂದರೆ ಕೆಲಸ ಕೆಡುತ್ತದೆ. ಆ 32 ಎನ್ನುವುದು 8 ಜಿಬಿಯ ನಾಲ್ಕು ಸ್ಟಿಕ್ಕುಗಳ ಲೆಕ್ಕ. ನಾಲ್ಕು ಸ್ಲಾಟಿರುವ ದೊಡ್ಡ ಲ್ಯಾಪ್‌ಟಾಪುಗಳಿಗೆ ಮಾತ್ರ ಅನ್ವಯಿಸುವಂಥದ್ದು. ಎರಡೇ ಸ್ಲಾಟಿದ್ದರೆ 16ಕ್ಕೆ ನಿಂತಿತು.

ಒಂದು ಸ್ಟಿಕ್ 8 ಜಿಬಿ ದಾಟಬಾರದೇಕೆ? ಮೆಮೊರಿ ಕಂಟ್ರೋಲರ್ ಒಮ್ಮೆಗೆ 64 ಬಿಟ್ ಅಗಲದಲ್ಲಿ ಓದುತ್ತದೆ. ಸಾಮಾನ್ಯವಾಗಿ ಒಂದೊಂದು ಚಿಪ್ಪೂ 8 ಬಿಟ್ ಕೊಡುತ್ತದೆ, ಆದ್ದರಿಂದ ಎಂಟು ಚಿಪ್ ಸೇರಿದರೆ 64 ಬಿಟ್. ಹೀಗೆ ಸೇರಿದ ಎಂಟರ ಗುಂಪಿಗೆ ಒಂದು ರ‍್ಯಾಂಕ್ ಎನ್ನುತ್ತಾರೆ. ಚಿಪ್ಪೊಂದರ ಸಾಂದ್ರತೆ 4 ಗಿಗಾಬಿಟ್ ಇದ್ದರೆ ಎಂಟಕ್ಕೆ 32 ಗಿಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 4 ಜಿಬಿ. ಎರಡು ರ‍್ಯಾಂಕ್ ಇದ್ದರೆ ಹದಿನಾರು ಚಿಪ್, 8 ಜಿಬಿ. ಸಾದಾ ಸ್ಟಿಕ್ ಒಂದಕ್ಕೆ ಹಿಡಿಸುವುದು ಅಷ್ಟೇ. 16 ಜಿಬಿ ಬೇಕೆಂದರೆ 8 ಗಿಗಾಬಿಟ್ ಚಿಪ್ಪುಗಳೇ ಬೇಕು. ಹ್ಯಾಸ್‌ವೆಲ್ ಮತ್ತು ಅದಕ್ಕೂ ಹಿಂದಿನ ಇಂಟೆಲ್ ಕೋರ್ ಪ್ರೊಸೆಸರುಗಳ ಕಂಟ್ರೋಲರಿಗೆ 4 ಗಿಗಾಬಿಟ್‌ಗಿಂತ ದೊಡ್ಡ ಡಿಡಿಆರ್3 ಚಿಪ್ಪನ್ನು ಗುರುತಿಸಿ ಬಳಸಲು ಬರುವುದಿಲ್ಲ. ಆ ಸಾಮರ್ಥ್ಯ ಬಂದದ್ದು ಐದನೇ ತಲೆಮಾರಿನ ಬ್ರಾಡ್‌ವೆಲ್‌ನಲ್ಲಿ.

ಇದರಿಂದ ಹುಟ್ಟುವ ಇನ್ನೊಂದು ತೊಡಕನ್ನು ಹೆಚ್ಚಿನವರು ಗಮನಿಸುವುದಿಲ್ಲ. 8 ಜಿಬಿ ಸ್ಟಿಕ್ಕುಗಳಲ್ಲೇ ಎರಡು ಜಾತಿ. ಒಂದರಲ್ಲಿ 4 ಗಿಗಾಬಿಟ್‌ನ ಹದಿನಾರು ಚಿಪ್, ಇನ್ನೊಂದರಲ್ಲಿ 8 ಗಿಗಾಬಿಟ್‌ನ ಎಂಟೇ ಚಿಪ್. ಎರಡರ ಮೇಲೂ "8 ಜಿಬಿ ಡಿಡಿಆರ್3ಎಲ್ 1600" ಎಂದೇ ಬರೆದಿರುತ್ತದೆ. ಹ್ಯಾಸ್‌ವೆಲ್‌ಗೆ ಮೊದಲನೆಯದು ಮಾತ್ರ ಆಗುತ್ತದೆ. ಮೊದಲ ತಲೆಮಾರಿನ ಕೋರ್ ಲ್ಯಾಪ್‌ಟಾಪ್ ಇರುವವರು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಅಲ್ಲಿ ಒಟ್ಟು ಮಿತಿಯೇ 8 ಜಿಬಿ. 2 ಗಿಗಾಬಿಟ್ ಚಿಪ್ಪುಗಳಿರುವ, ಹದಿನಾರು ಚಿಪ್ಪಿನ 4 ಜಿಬಿ ಸ್ಟಿಕ್ ಎರಡು ಹುಡುಕುವುದು ಕ್ಷೇಮ.

ಇಷ್ಟೆಲ್ಲ ವಿಷಯ ಸ್ಟಿಕ್ಕಿನ ಮೇಲಿರುವ ಚೀಟಿಯಲ್ಲೇ ಅಡಗಿದೆ. ಯಂತ್ರದಲ್ಲಿದ್ದ 4 ಜಿಬಿ ಸ್ಟಿಕ್ಕಿನ ಚೀಟಿಯಲ್ಲಿ ಹೀಗಿತ್ತು: 1ಆರ್‌ಎಕ್ಸ್8 ಪಿಸಿ3ಎಲ್-12800ಎಸ್-11-13-ಬಿ4. ಮೊದಲ ತುಣುಕು ಒಂದು ರ‍್ಯಾಂಕ್, 8 ಬಿಟ್ ಚಿಪ್ ಎನ್ನುತ್ತದೆ. 4 ಜಿಬಿಗೆ ಒಂದೇ ರ‍್ಯಾಂಕ್ ಎಂದ ಮೇಲೆ ಚಿಪ್ಪು 4 ಗಿಗಾಬಿಟ್‌ನದ್ದು ಎಂದು ತಾನಾಗಿ ತಿಳಿಯಿತು. ಪಿಸಿ3ರ ನಂತರದ ಎಲ್ ಅಕ್ಷರವೇ 1.35 ವೋಲ್ಟಿನ ಗುರುತು. ಬಿಚ್ಚಿಟ್ಟ ಹಳೆಯ ಸ್ಟಿಕ್ಕಿನಲ್ಲಿ ಆ ಅಕ್ಷರ ಇರಲಿಲ್ಲ. 12800 ಎಂದರೆ ಸೆಕೆಂಡಿಗೆ 12,800 ಮೆಗಾಬೈಟ್: 1600 ಮೆಗಾ ವರ್ಗಾವಣೆ, ಪ್ರತಿ ಸಲ 8 ಬೈಟ್. ಹೀಗೇ 10600 ಎಂದಿದ್ದರೆ 1333, 8500 ಎಂದಿದ್ದರೆ 1066. ಎಸ್ ಎಂದರೆ ಸೋಡಿಮ್, ಲ್ಯಾಪ್‌ಟಾಪಿನ ಅಳತೆ. ಮುಂದಿನ 11 ಕ್ಯಾಸ್ ಲೇಟೆನ್ಸಿ (ಕೇಳಿದ ಮಾಹಿತಿ ಬರುವವರೆಗೆ ಕಾಯಬೇಕಾದ ಗಡಿಯಾರ ಸುತ್ತುಗಳು), 13 ಎನ್ನುವುದು ಸ್ಟಿಕ್ಕಿನೊಳಗಿನ ಮಾಹಿತಿ ಚಿಪ್ಪಿನ ಆವೃತ್ತಿ 1.3, ಕೊನೆಯದು ಬೋರ್ಡಿನ ವಿನ್ಯಾಸದ ಹೆಸರು.

ಹಾಗಾಗಿ ನಾನು ಹುಡುಕಬೇಕಾದದ್ದು: 8 ಜಿಬಿ, 2ಆರ್‌ಎಕ್ಸ್8, ಪಿಸಿ3ಎಲ್-12800ಎಸ್. ಬ್ರ್ಯಾಂಡ್ ಯಾವುದಾದರೂ ಸರಿ, ವೇಗದ ಅಂಕಿಯೊಂದನ್ನು ಬಿಟ್ಟು ಈ ಮೂರರಲ್ಲಿ ಒಂದಕ್ಷರವೂ ಬದಲಾಗಬಾರದು. ಬಳಸಿದ ಸ್ಟಿಕ್ ಕೊಳ್ಳಲು ನನಗೆ ಹಿಂಜರಿಕೆಯಿಲ್ಲ, ರ‍್ಯಾಮ್ ಸವೆಯುವ ವಸ್ತುವಲ್ಲ. ಆದರೆ ಚೀಟಿ ಓದಬಲ್ಲಂಥ ಚಿತ್ರ ಸಿಗದ ಹೊರತು ಮುಂದುವರಿಯುವುದಿಲ್ಲ, ಎರಡೂ ಮಗ್ಗುಲಿನ ಚಿತ್ರ ಕೇಳುತ್ತೇನೆ. ಎರಡು ಬದಿಯದ್ದೂ ಸೇರಿ ಹದಿನಾರು ಕಪ್ಪು ಚೌಕ ಎಣಿಸಿದರೆ ಮನಸ್ಸು ನಿರಾಳ. ಒಂದು ಬದಿಯಲ್ಲಿ ಚಿಪ್ ಇದೆಯೇ ಎಂದಷ್ಟೇ ನೋಡಿ ನಿರ್ಧರಿಸಬೇಡಿ. ಎಂಟು ಚಿಪ್ಪಿನವನ್ನೂ ನಾಲ್ಕು ಇತ್ತ, ನಾಲ್ಕು ಅತ್ತ ಕೂರಿಸಿರುತ್ತಾರೆ.

ಚೀಟಿ ಹರಿದಿದ್ದರೆ ಪಾರ್ಟ್ ನಂಬರ್ ನೆರವಿಗೆ ಬರುತ್ತದೆ. ಸ್ಯಾಮ್‌ಸಂಗ್‌ನ ಲ್ಯಾಪ್‌ಟಾಪ್ ಸ್ಟಿಕ್ಕುಗಳ ಸಂಖ್ಯೆ ಎಂ471 ಎಂದು ಶುರುವಾಗುತ್ತದೆ. ಕೊನೆಯಲ್ಲಿ ವೈಕೆ0 ಎಂದಿದ್ದರೆ 1.35 ವೋಲ್ಟ್, ಸಿಕೆ0 ಎಂದಿದ್ದರೆ 1.5. ಎಸ್‌ಕೆ ಹೈನಿಕ್ಸ್‌ನಲ್ಲಿ ಕೊನೆಯ ಅಡ್ಡಗೆರೆಯ ಹಿಂದೆ 8ಎ ಇದ್ದರೆ ಕಡಿಮೆ ವೋಲ್ಟಿನದು, 8ಸಿ ಇದ್ದರೆ ಸಾದಾ.

ವೇಗದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಈ ಪ್ರೊಸೆಸರಿನ ಕಂಟ್ರೋಲರ್ 1600ಕ್ಕೆ ನಿಲ್ಲುತ್ತದೆ, 1866ರ ಸ್ಟಿಕ್ ಹಾಕಿದರೂ 1600ರಲ್ಲೇ ಓಡೀತು. ಎರಡು ಬೇರೆ ವೇಗದವು ಜೊತೆಯಾದರೆ ನಿಧಾನದ್ದರ ವೇಗಕ್ಕೆ ಇನ್ನೊಂದು ಇಳಿಯುತ್ತದೆ. ಕ್ಯಾಸ್ ಅಂಕಿ ನೋಡಿ 9 ಒಳ್ಳೆಯದು, 11 ಕೆಟ್ಟದ್ದು ಎನ್ನುವುದೂ ತಪ್ಪು ಲೆಕ್ಕ. 1333ರ ಸ್ಟಿಕ್ಕಿನಲ್ಲಿ ಒಂದು ಗಡಿಯಾರ ಸುತ್ತು 1.5 ನ್ಯಾನೋಸೆಕೆಂಡ್, 9 ಸುತ್ತಿಗೆ 13.5. 1600ರಲ್ಲಿ ಒಂದು ಸುತ್ತು 1.25, ಹನ್ನೊಂದಕ್ಕೆ 13.75. ಕಾಯುವ ಹೊತ್ತು ಹೆಚ್ಚುಕಡಿಮೆ ಒಂದೇ.

ಇದ್ದ 4 ಜಿಬಿ ಉಳಿಸಿಕೊಂಡು 8 ಸೇರಿಸಿ 12 ಮಾಡುವುದೇ, ಅಥವಾ 8ರ ಜೋಡಿ ಹಾಕಿ 16 ಮಾಡುವುದೇ? ಒಂದೇ ಸ್ಟಿಕ್ ಇರುವಾಗ ಒಂದೇ ಚಾನೆಲ್ (ಪ್ರೊಸೆಸರಿಗೂ ರ‍್ಯಾಮ್‌ಗೂ ನಡುವಿನ ದಾರಿ), ಸೆಕೆಂಡಿಗೆ 12.8 ಜಿಬಿ. ಎರಡೂ ಸ್ಲಾಟ್ ತುಂಬಿದರೆ ಎರಡು ಚಾನೆಲ್, 25.6. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಕೆಲಸವೂ ಇದೇ ರ‍್ಯಾಮ್‌ನಿಂದ ನಡೆಯುವುದರಿಂದ ಎರಡನೇ ಚಾನೆಲಿನ ಲಾಭ ಕಣ್ಣಿಗೆ ಕಾಣುವಷ್ಟಿರುತ್ತದೆ. ಎರಡು ಚಾನೆಲಿಗೆ ಎರಡೂ ಸ್ಟಿಕ್ ಒಂದೇ ಅಳತೆಯವೇ ಆಗಬೇಕು ಎಂಬ ನಂಬಿಕೆ ಇನ್ನೂ ಇದೆ. ಇಂಟೆಲ್‌ನ ಫ್ಲೆಕ್ಸ್ ಮೆಮೊರಿ ವ್ಯವಸ್ಥೆಯಲ್ಲಿ ಹಾಗೇನಿಲ್ಲ: 4 ಮತ್ತು 8 ಇದ್ದಾಗ ಎರಡರಿಂದಲೂ 4 ಜಿಬಿ ತೆಗೆದುಕೊಂಡು 8 ಜಿಬಿಯಷ್ಟು ಜಾಗ ಜೋಡಿ ಚಾನೆಲಿನಲ್ಲಿ, ಉಳಿದ 4 ಜಿಬಿ ಒಂಟಿ ಚಾನೆಲಿನಲ್ಲಿ ಓಡುತ್ತದೆ. ಬೇಕಿರುವುದು 8ರ ಆಸುಪಾಸು ಎಂದು ಮೊದಲೇ ಅಳೆದಿದ್ದೆ. ಹಾಗಾಗಿ 12 ಸಾಕೆಂದು ತೀರ್ಮಾನಿಸಿದೆ. ಚೆನ್ನಾಗಿ ಓಡುತ್ತಿರುವ ಸ್ಟಿಕ್ಕನ್ನು ಜೋಡಿ ಹೊಂದಲಿಲ್ಲವೆಂದು ಎತ್ತಿಡುವುದು ನನಗೆ ಸರಿಯೆನಿಸುವುದಿಲ್ಲ.

ಬಿಚ್ಚುವ ಮುನ್ನ ಬಯೋಸನ್ನು (ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶವನ್ನು) ಇತ್ತೀಚಿನ ಆವೃತ್ತಿಗೆ ತಂದೆ. ಮೆಮೊರಿ ಗುರುತಿಸುವಲ್ಲಿನ ದೋಷಗಳಿಗೆ ಕೆಲವು ತಯಾರಕರು ಅಲ್ಲಿ ತಿದ್ದುಪಡಿ ಕೊಟ್ಟಿರುತ್ತಾರೆ, ಮತ್ತು ಹೊಸ ಸ್ಟಿಕ್ ಹಾಕಿ ಯಂತ್ರ ಏಳದಿದ್ದರೆ ಅಪ್‌ಡೇಟ್ ಮಾಡಲು ಹಳೆಯ ಸ್ಟಿಕ್ಕನ್ನು ಮತ್ತೆ ಹಾಕಬೇಕಾಗುತ್ತದೆ. ನಂತರ ಪೂರ್ತಿ ಶಟ್‌ಡೌನ್. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಬರೇ ಶಟ್‌ಡೌನ್ ಒತ್ತಿದಾಗ ಅದು ಅರ್ಧ ಹೈಬರ್ನೇಟ್ (ಇದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಆರುವುದು) ಆಗುತ್ತದೆ, ಆದ್ದರಿಂದ ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಬೇಕು. ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದೆ. ಬೋರ್ಡಿನಲ್ಲಿ ಉಳಿದಿದ್ದ ವಿದ್ಯುತ್ತು ಅದರಿಂದ ಖಾಲಿಯಾಗುತ್ತದೆ. ಬ್ಯಾಟರಿ ಒಳಗೇ ಇರುವ ಯಂತ್ರಗಳಲ್ಲಿ ತಳದ ಮುಚ್ಚಳ ತೆಗೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ.

ನನ್ನದರಲ್ಲಿ ಎರಡೂ ಸ್ಲಾಟ್ ತಳದ ಸಣ್ಣ ಮುಚ್ಚಳದ ಕೆಳಗೇ ಇದ್ದವು. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ: ಕೆಲವು ಯಂತ್ರಗಳಲ್ಲಿ ಒಂದು ಸ್ಲಾಟ್ ಕೀಬೋರ್ಡಿನ ಅಡಿಯಲ್ಲಿರುತ್ತದೆ, ತೆಳ್ಳನೆಯವುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಸರ್ವಿಸ್ ಮ್ಯಾನುಯಲ್ ನೋಡಿಯೇ ಕೊಳ್ಳಲು ಹೊರಡಿ.

ಕೈಯಲ್ಲಿನ ಸ್ಥಿರ ವಿದ್ಯುತ್ತು ಹೋಗಲು ಬಣ್ಣ ಬಳಿಯದ ಲೋಹವೊಂದನ್ನು ಮುಟ್ಟಿ, ಸ್ಟಿಕ್ಕನ್ನು ಅಂಚುಗಳಲ್ಲಿ ಹಿಡಿದೆ. ಕಚ್ಚು ನಡುವಿಗಿಂತ ಒಂದು ಬದಿಗಿದೆ, ಅದನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ ಸುಮಾರು 30 ಡಿಗ್ರಿ ಓರೆಯಲ್ಲಿ ಒಳಗೆ ತಳ್ಳಬೇಕು. ಚಿನ್ನದ ಬಣ್ಣದ ಪಟ್ಟಿಗಳು ಎರಡೂ ತುದಿಯಲ್ಲಿ ಸಮನಾಗಿ ಮರೆಯಾದ ಮೇಲಷ್ಟೇ ಕೆಳಗೆ ಒತ್ತಬೇಕು. ಆಗ ಎರಡು ಬದಿಯ ಕ್ಲಿಪ್ಪುಗಳು ಟಕ್ಕೆಂದು ಹಿಡಿದುಕೊಳ್ಳುತ್ತವೆ. ಒಂದು ತುದಿ ಮೇಲಿದ್ದರೂ ಬಲ ಹಾಕಿದರೆ ಕೂತಂತೆ ಕಾಣುತ್ತದೆ, ಆದರೆ ಕೆಲವು ಪಿನ್ನುಗಳು ತಾಗಿರುವುದಿಲ್ಲ. ಹಳೆಯ ಸ್ಟಿಕ್ಕಿನ ಪಟ್ಟಿಗಳನ್ನು ರಬ್ಬರಿನಿಂದ ಉಜ್ಜುವ ರೂಢಿ ಬಹಳ ಕಡೆ ಇದೆ. ತೆಳುವಾದ ಚಿನ್ನದ ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿನೊಳಗೆ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ನೂಲೆಳೆ ಬಿಡದ ಬಟ್ಟೆಯಿಂದ ಒರೆಸಿದರೆ ಸಾಕು.

ಮೊದಲಿಗೆ ಹೊಸ 8 ಜಿಬಿಯನ್ನು ಒಂಟಿಯಾಗಿ ಹಾಕಿದೆ. ಎರಡನ್ನೂ ಒಮ್ಮೆಗೇ ಹಾಕಿದರೆ, ತಕರಾರು ಬಂದಾಗ ಯಾವುದರದ್ದು ಎಂದು ತಿಳಿಯುವುದಿಲ್ಲ. ಮೊದಲ ಸಲ ಸ್ಕ್ರೀನ್ ಬೆಳಗಲು ಎಂದಿಗಿಂತ ತುಸು ತಡವಾಯಿತು. ಹೊಸ ಮೆಮೊರಿ ಕಂಡಾಗ ಬಯೋಸ್ ಅದರ ಸಮಯದ ಹೊಂದಾಣಿಕೆಯನ್ನು ಹೊಸದಾಗಿ ಮಾಡಿಕೊಳ್ಳುತ್ತದೆ, ಆ ಹೊತ್ತಿನಲ್ಲಿ ಪವರ್ ಒತ್ತಿ ಆರಿಸಬೇಡಿ. ಬಯೋಸ್ ಪುಟದಲ್ಲಿ 8192 ಎಂಬಿ ಕಂಡಿತು.

ಅಷ್ಟಕ್ಕೇ ನಂಬಲಿಲ್ಲ. ವಿಂಡೋಸ್‌ನಲ್ಲಿ ಯಂತ್ರದ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ತೆರೆದು ಎಸ್‌ಪಿಡಿ ಪುಟ ನೋಡಿದೆ. ಎಸ್‌ಪಿಡಿ ಎಂದರೆ ಸ್ಟಿಕ್ಕಿನ ಮೇಲೆ ಕೂತಿರುವ, ಡಿಡಿಆರ್3ರಲ್ಲಿ 256 ಬೈಟ್‌ಗಳ ಪುಟ್ಟ ಸ್ಮೃತಿ. ಸ್ಟಿಕ್ಕಿನ ಜಾತಕವೆಲ್ಲ ಅದರಲ್ಲಿದೆ. ಚೀಟಿ ಬದಲಿಸಿ ಮಾರಿದ್ದರೂ ಇದರಲ್ಲಿ ಗುಟ್ಟು ಬಯಲಾಗುವ ಸಾಧ್ಯತೆ ಹೆಚ್ಚು. ರ‍್ಯಾಂಕ್ ಎರಡು, ವೋಲ್ಟೇಜ್ 1.35, ಪಾರ್ಟ್ ನಂಬರ್ ಚೀಟಿಯಲ್ಲಿದ್ದದ್ದೇ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಐ2ಸಿ-ಟೂಲ್ಸ್ ಜೊತೆ ಬರುವ ಡಿಕೋಡ್-ಡಿಮ್ಸ್ ಇದೆ. ಡಿಎಂಐಡಿಕೋಡ್ ಎಂಬ ಇನ್ನೊಂದು ಲಿನಕ್ಸ್ ಆಜ್ಞೆ ತೋರಿಸುವ ವೋಲ್ಟೇಜ್ ಮತ್ತು ಗರಿಷ್ಠ ಸಾಮರ್ಥ್ಯದ ಅಂಕಿಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅವು ಬಯೋಸ್ ಬರೆದವರು ತುಂಬಿಟ್ಟ ಅಂಕಿಗಳು, ಹಳೆಯ ಯಂತ್ರಗಳಲ್ಲಿ ಹಲವು ಸಲ ತಪ್ಪಿರುತ್ತವೆ.

ನಂತರ ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಬೂಟ್ ಮಾಡಿ ಪರೀಕ್ಷೆಗೆ ಬಿಟ್ಟೆ. ಒಂಟಿ ಸ್ಟಿಕ್ ತೇರ್ಗಡೆಯಾದ ಮೇಲೆ 4 ಜಿಬಿಯನ್ನೂ ಹಾಕಿ, ಎರಡೂ ಸೇರಿ ರಾತ್ರಿಯಿಡೀ ಮತ್ತೆ. ಜೋಡಿ ಪರೀಕ್ಷೆ ತಪ್ಪಿಸುವಂತಿಲ್ಲ: ಬೇರೆ ಬೇರೆಯಾಗಿ ಸರಿಯಿದ್ದ ಸ್ಟಿಕ್ಕುಗಳು ಒಟ್ಟಿಗೆ ಇದ್ದಾಗ ತಪ್ಪು ತೋರಿಸುವುದುಂಟು. ತಪ್ಪುಗಳ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಸ್ಟಿಕ್ ವಾಪಸ್ಸು, ಒಂದೇ ತಪ್ಪಾದರೂ ಸರಿ. ಬೆಳಿಗ್ಗೆ ಸೊನ್ನೆಯೇ ಇತ್ತು.

ಸ್ಕ್ರೀನ್ ಕಪ್ಪಗೇ ಉಳಿದವರು ಕಂಗೆಡಬೇಡಿ. ಸ್ಟಿಕ್ ತೆಗೆದು ಮತ್ತೆ ಕೂರಿಸಿ, ಇನ್ನೊಂದು ಸ್ಲಾಟಿನಲ್ಲಿ ನೋಡಿ, ಹಳೆಯದೊಂದೇ ಹಾಕಿ ಯಂತ್ರ ಏಳುತ್ತದೆಯೇ ಪರೀಕ್ಷಿಸಿ. ಎದ್ದರೆ ಬೋರ್ಡ್ ಸುರಕ್ಷಿತ, ಹೊಸ ಸ್ಟಿಕ್ಕಿನ ಚೀಟಿಯನ್ನು ಮತ್ತೊಮ್ಮೆ ಓದುವ ಸಮಯ.

ಈಗ ಅದೇ ಬ್ರೌಸರ್, ಸ್ಪ್ರೆಡ್‌ಶೀಟ್, ವಿಡಿಯೋ ಕರೆ ಒಟ್ಟಿಗೆ ನಡೆಯುವಾಗಲೂ ಮೂರು ಜಿಬಿಯಷ್ಟು ಬಿಡುವು ಉಳಿಯುತ್ತದೆ, ಮೌಸ್ ತಡವರಿಸುವುದಿಲ್ಲ. ಉಳಿದಿದ್ದ ಒಂದು ಕೆಲಸ ಹೈಬರ್ನೇಷನ್‌ನದ್ದು: ರ‍್ಯಾಮ್ ಬೆಳೆದಂತೆ ವಿಂಡೋಸ್ ಅದಕ್ಕೆಂದು ಎಸ್‌ಎಸ್‌ಡಿಯಲ್ಲಿ ಕಾದಿರಿಸುವ ಕಡತವೂ ಬೆಳೆಯುತ್ತದೆ, ಸಣ್ಣ ಎಸ್‌ಎಸ್‌ಡಿ ಇದ್ದವರಿಗೆ ಅದು ಹೊರೆ. ನಾನು ಹೈಬರ್ನೇಟ್ ಬಳಸುವುದಿಲ್ಲ, ಆರಿಸಿಬಿಟ್ಟೆ. ಲಿನಕ್ಸ್‌ನಲ್ಲಿ ಹೈಬರ್ನೇಟ್ ಬೇಕೆನ್ನುವವರು 4 ಜಿಬಿ ಕಾಲದ ಸ್ವಾಪ್ ವಿಭಾಗವನ್ನು ಹಾಗೇ ಬಿಡದೆ, ಹೊಸ ರ‍್ಯಾಮ್‌ಗೆ ತಕ್ಕಂತೆ ಹಿಗ್ಗಿಸಿಕೊಳ್ಳಬೇಕು.